ಓದಲು ಒಲ್ಲೆ ಎನ್ನುವ ಸಿಡಿ

ಮದುವೆಯ ಸಿಡಿ ಹಾಕಿ ಕಾಪಿ ಕೊಟ್ಟರೆ ಅರ್ಧ ದಾರಿಗೆ ಬಂದು ನಿಲ್ಲುತ್ತದೆ. ಡ್ರೈವ್ ಗುರ್ ಎನ್ನುತ್ತದೆ, ಸುಮ್ಮನಾಗುತ್ತದೆ, ಮತ್ತೆ ಗುರ್ ಎನ್ನುತ್ತದೆ. ಕೊನೆಗೆ ಓದಲಾಗಲಿಲ್ಲ ಎಂಬ ಒಂದು ಸಾಲು. ಅರ್ಧ ಬಂದಿದ್ದ ಫೈಲೂ ಕೈಗೆ ಸಿಗುವುದಿಲ್ಲ. ಸಿಡಿ ಹೋಯ್ತು ಅಂತ ಬಿಸಾಕುವವರೇ ಜಾಸ್ತಿ.

ನಿಜಕ್ಕೂ ಹೋಗಿರುವುದು ಬಹಳ ಸಲ ಅದರ ಒಂದು ಚೂರು ಮಾತ್ರ. ಉಳಿದದ್ದನ್ನು ತೆಗೆಯಬಹುದು. ಆದರೆ ಅದಕ್ಕೆಂದೇ ಇರುವ ಸಾಫ್ಟ್‌ವೇರ್ ಸಿಡಿಯನ್ನು ರಿಪೇರಿ ಮಾಡುತ್ತದೆ ಎಂದುಕೊಳ್ಳಬೇಡಿ. ಅದು ಮಾಡುವುದು ಇಷ್ಟೇ: ಡ್ರೈವನ್ನು ಬೇರೆ ಕ್ರಮದಲ್ಲಿ, ತಾಳ್ಮೆಯಿಂದ ಕೇಳುವುದು.

ಸಿಡಿ ಎಂದರೆ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ತಟ್ಟೆ. ಮಾಹಿತಿ ಇರುವುದು ಹೊಳೆಯುವ ಮುಖದಲ್ಲಿ ಅಲ್ಲ, ಹೆಸರು ಬರೆಯುವ ಮುಖದ ಹತ್ತಿರ, ತೆಳು ಲೇಪದ ಅಡಿಯಲ್ಲಿ. ಲೇಸರ್ ಕೆಳಗಿನಿಂದ ಆ ಇಡೀ ದಪ್ಪವನ್ನು ದಾಟಿ ಓದುತ್ತದೆ. ಹಾಗಾಗಿ ಕೆಳಗಿನ ಗೀರು ನೋಡಲು ಭಯಂಕರವಾಗಿದ್ದರೂ ಬೆಳಕಿಗೆ ಅಡ್ಡ ಬರುವುದಷ್ಟೇ. ಮೇಲಿನ ಮುಖ ಕೆರೆದರೆ ಮಾತ್ರ ಮಾಹಿತಿಯೇ ಕಿತ್ತು ಬರುತ್ತದೆ. ಸಿಡಿಯನ್ನು ಬೆಳಕಿಗೆ ಹಿಡಿದಾಗ ಚುಕ್ಕೆ ಚುಕ್ಕೆಯಾಗಿ ಆಚೆ ಕಂಡರೆ ಆ ಜಾಗದ ಆಸೆ ಬಿಡಿ.

ಸಣ್ಣಪುಟ್ಟ ಗೀರಿಗೆ ಸಿಡಿ ಮೊದಲಿನಿಂದಲೇ ಸಿದ್ಧವಾಗಿ ಬಂದಿದೆ. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ಕೊಟ್ಟ ಗಣಿತ ಇದಕ್ಕೆ ಆಧಾರ. ಮಾಹಿತಿಯ ಜೊತೆಗೆ ಲೆಕ್ಕ ಹಾಕಿದ ಕೆಲವು ಹೆಚ್ಚುವರಿ ಬೈಟ್‌ಗಳನ್ನು ಬರೆದಿಟ್ಟರೆ, ಕೆಲವು ಅಳಿಸಿಹೋದರೂ ಉಳಿದವುಗಳಿಂದ ಅವನ್ನು ಮತ್ತೆ ಲೆಕ್ಕ ಹಾಕಿ ತೆಗೆಯಬಹುದು. ಇದರ ಮೇಲೆ ಸಿಡಿ ಇನ್ನೊಂದು ಜಾಣತನ ಮಾಡುತ್ತದೆ. ಅಕ್ಕಪಕ್ಕದ ಬೈಟ್‌ಗಳನ್ನು ಒಟ್ಟಿಗೆ ಬರೆಯದೆ ದೂರ ದೂರ ಹಂಚಿಬಿಡುತ್ತದೆ. ಒಂದು ಗೀರು ಬಿದ್ದರೆ ಹಲವು ಕಡೆಯಿಂದ ಒಂದೊಂದೇ ಬೈಟ್ ಹೋಗುತ್ತದೆ, ಒಂದೇ ಕಡೆಯದು ಪೂರ್ತಿ ಹೋಗುವುದಿಲ್ಲ. ಮಾಹಿತಿ ಸುರುಳಿಯಾಗಿ ಸಾಗುವ ಗೆರೆಯ, ಅಂದರೆ ಟ್ರ್ಯಾಕಿನ, ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಹಾಳಾದರೂ ಡ್ರೈವ್ ಸರಿಯಾದ ಮಾಹಿತಿಯನ್ನೇ ಕೊಡುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ.

ಸಿಡಿಯನ್ನು ಗುಂಡಗೆ ತಿರುಗಿಸುತ್ತಾ ಒರೆಸಬಾರದು ಅನ್ನುವುದೂ ಇದಕ್ಕೇ. ಹಾಗೆ ಬಿದ್ದ ಗೀರು ಟ್ರ್ಯಾಕಿನ ಜೊತೆಯಲ್ಲೇ ಸಾಗಿ ಒಂದೇ ಕಡೆ ಸಾವಿರಾರು ಬಿಟ್ ತಿನ್ನುತ್ತದೆ. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಬೇಕು.

ಈ ತಿದ್ದುವಿಕೆಯ ಮಿತಿ ದಾಟಿದಾಗ ಡ್ರೈವ್ ಕೈಚೆಲ್ಲುತ್ತದೆ. ಮಾಮೂಲಿ ಕಾಪಿ ಅದೇ ಜಾಗದಲ್ಲಿ ಹಟ ಹಿಡಿದು ಕೂರುತ್ತದೆ. ಆಂಟೋನಿಯೊ ಡಿಯಾಸ್ ಡಿಯಾಸ್ ಬರೆದ, 2004ರಿಂದ ಬಳಕೆಯಲ್ಲಿರುವ ಉಚಿತ ತಂತ್ರಾಂಶ ಗ್ನೂ ಡಿಡಿರೆಸ್ಕ್ಯೂ ಹಾಗೆ ಮಾಡುವುದಿಲ್ಲ. ಪರೀಕ್ಷೆಯಲ್ಲಿ ತನಗೆ ಗೊತ್ತಿರುವ ಪ್ರಶ್ನೆಗಳಿಗೆಲ್ಲ ಮೊದಲು ಉತ್ತರ ಬರೆದು, ಕಷ್ಟದ್ದನ್ನು ಕೊನೆಗೆ ಇಟ್ಟುಕೊಳ್ಳುವ ಹುಡುಗಿಯ ಹಾಗೆ ಅದರ ಕೆಲಸ. ಎಡವಿದ ಕಡೆ ನಿಲ್ಲದೆ ಮುಂದಕ್ಕೆ ಹಾರುತ್ತದೆ. ಒಂದು ಸುತ್ತು ಮುಗಿಸಿ, ಬಿಟ್ಟ ಜಾಗಗಳನ್ನು ಕೊನೆಯಿಂದ ಮೊದಲಿನ ಕಡೆಗೆ ಬರುತ್ತಾ ಓದುತ್ತದೆ. ಆಮೇಲೆ ಹಾಳಾದ ತುಣುಕುಗಳನ್ನು ಅಂಚಿನಿಂದ ಓದುತ್ತಾ ಚಿಕ್ಕದು ಮಾಡುತ್ತದೆ. ಕಡೆಗೆ ಒಳಗಿರುವುದನ್ನು ಒಂದೊಂದೇ ಸೆಕ್ಟರ್ (ಡ್ರೈವ್ ಒಮ್ಮೆಗೆ ಓದಿ ಕೊಡುವ ಅತಿ ಚಿಕ್ಕ ತುಂಡು) ಆಗಿ ಕೆರೆದು ತೆಗೆಯುತ್ತದೆ. ಫೈಲುಗಳ ಗೊಡವೆ ಅದಕ್ಕಿಲ್ಲ, ಇಡೀ ಡಿಸ್ಕಿನ ಪ್ರತಿರೂಪವನ್ನೇ ಒಂದು ಫೈಲಾಗಿ ಇಳಿಸುತ್ತದೆ.

ನನಗೆ ತುಂಬ ಇಷ್ಟವಾದದ್ದು ಅದು ಬರೆದಿಡುವ ಮ್ಯಾಪ್ ಫೈಲ್. ತೆರೆದು ನೋಡಿದರೆ ಬರೀ ಸಂಖ್ಯೆಗಳ ಸಾಲು, ಪ್ರತಿ ಸಾಲಿನ ಕೊನೆಗೊಂದು ಗುರುತು. ಕೂಡು ಚಿಹ್ನೆ ಇದ್ದರೆ ಆ ಭಾಗ ಸಿಕ್ಕಿದೆ. ಪ್ರಶ್ನಾರ್ಥಕ ಇದ್ದರೆ ಇನ್ನೂ ಮುಟ್ಟಿಲ್ಲ. ಕಳೆ ಚಿಹ್ನೆ ಇದ್ದರೆ ಓದಲಾಗಿಲ್ಲ. ಕರೆಂಟ್ ಹೋದರೂ ಚಿಂತೆಯಿಲ್ಲ, ಬಿಟ್ಟಲ್ಲಿಂದ ಶುರು ಮಾಡಬಹುದು. ಅದಕ್ಕಿಂತ ದೊಡ್ಡ ಲಾಭ, ಅದೇ ಸಿಡಿಯನ್ನು ಬೇರೆ ಡ್ರೈವಿಗೆ ಹಾಕಿ ಅದೇ ಮ್ಯಾಪ್ ಕೊಟ್ಟು ಮತ್ತೆ ಪ್ರಯತ್ನಿಸಲು ಹೇಳಿದರೆ ಕಳೆ ಚಿಹ್ನೆಯ ಜಾಗಗಳನ್ನು ಮಾತ್ರ ಮತ್ತೆ ಕೇಳುತ್ತದೆ. ಎರಡು ಡ್ರೈವ್‌ಗಳ ಲೇಸರ್ ಒಂದೇ ಥರ ಇರುವುದಿಲ್ಲ. ಒಂದಕ್ಕೆ ಆಗದ್ದು ಇನ್ನೊಂದಕ್ಕೆ ಆಗುವುದುಂಟು. ವೇಗ ಇಳಿಸಿದರೂ ಕೆಲವೊಮ್ಮೆ ಒಂದಷ್ಟು ಬರುತ್ತದೆ. ಡಿವಿಡಿಯಲ್ಲಿ ಮಾತ್ರ ಚೂರು ಚೂರಾಗಿ ಸಿಗುವ ಭಾಗ್ಯ ಕಡಿಮೆ. ಅಲ್ಲಿ 16 ಸೆಕ್ಟರ್ ಸೇರಿ ಒಂದು ತಿದ್ದುವ ಕಟ್ಟು, ಹೋದರೆ 32 ಕಿಲೋಬೈಟ್ ಒಟ್ಟಿಗೇ ಹೋಗುತ್ತದೆ.

ಇಷ್ಟು ಓದಿ ಮದುವೆಯ ಸಿಡಿಗೂ ಇದನ್ನೇ ಓಡಿಸಲು ಹೊರಟಿರಾ? ಸ್ವಲ್ಪ ತಡೆಯಿರಿ. ಅದು ವಿಸಿಡಿ, ಅಂದರೆ ವಿಡಿಯೊ ಸಿಡಿ ಆಗಿದ್ದರೆ, ಗೀರೇ ಇಲ್ಲದ ಡಿಸ್ಕಿನಲ್ಲೂ ಡಿಡಿರೆಸ್ಕ್ಯೂ ಸಾಲು ಸಾಲು ತಪ್ಪು ತೋರಿಸುತ್ತದೆ. ಕಾರಣ ಸೆಕ್ಟರಿನ ಒಳಗಿದೆ. ಸಿಡಿಯ ಒಂದು ಸೆಕ್ಟರ್ 2352 ಬೈಟ್. ಫೈಲುಗಳನ್ನು ಇಡುವ ಸಾಮಾನ್ಯ ಸಿಡಿ ಅದರಲ್ಲಿ 2048 ಬೈಟ್ ಮಾತ್ರ ಮಾಹಿತಿಗೆ ಕೊಟ್ಟು, 276 ಬೈಟನ್ನು ಇನ್ನೊಂದು ಸುತ್ತಿನ ತಿದ್ದುವಿಕೆಗೆ ಮೀಸಲಿಡುತ್ತದೆ. ವಿಸಿಡಿಯವರಿಗೆ ಒಂದು ಗಂಟೆಗೂ ಮೀರಿದ ವಿಡಿಯೊ ಹಿಡಿಸಬೇಕಿತ್ತು. ಆ 276ನ್ನೂ ಚಿತ್ರಕ್ಕೇ ಕೊಟ್ಟು 2324 ಮಾಡಿಕೊಂಡರು. ಅಂಥ ಸೆಕ್ಟರನ್ನು ಡಿಡಿರೆಸ್ಕ್ಯೂ 2048ರ ಲೆಕ್ಕದಲ್ಲಿ ಕೇಳಿದರೆ ಡ್ರೈವ್ ಕೊಡುವುದೇ ಇಲ್ಲ. ಇಲ್ಲಿ ಸೆಕ್ಟರನ್ನು ಇದ್ದ ಹಾಗೆ ಪೂರ್ತಿ ಎತ್ತುವ ಐಸೊಬಸ್ಟರ್ ಅಥವಾ ಲಿನಕ್ಸಿನ ಸಿಡಿಆರ್‌ಡಿಎಒ ತಂತ್ರಾಂಶ ಬೇಕು.

ಅಂದರೆ ನಮ್ಮ ಮನೆಗಳಲ್ಲಿ ರಾಶಿ ಬಿದ್ದಿರುವ ಮದುವೆ, ಗೃಹಪ್ರವೇಶದ ವಿಸಿಡಿಗಳಿಗೆ ರಕ್ಷಣೆಯ ಒಂದು ಪದರ ಮೊದಲೇ ಕಮ್ಮಿ. ಸಾಲದ್ದಕ್ಕೆ ಅವು ಸ್ಟುಡಿಯೊದಲ್ಲಿ ರೈಟ್ ಮಾಡಿದವು. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಸಿಡಿಯಲ್ಲಿ ಮಾಹಿತಿಯನ್ನು ಹಿಡಿದಿಡುವುದು ಸಣ್ಣ ಗುಳಿಗಳು, ಇವುಗಳಲ್ಲಿ ಲೇಸರ್ ಶಾಖಕ್ಕೆ ಬದಲಾದ ಬಣ್ಣದ ಪದರ. ಬಿಸಿಲಿಗೆ, ಸೆಕೆಗೆ ಆ ಬಣ್ಣ ಕೆಡುತ್ತದೆ. ಒಂದೂ ಗೀರಿಲ್ಲದ ಸಿಡಿ ಓದದೇ ಹೋಗುವುದು ಬಹಳ ಸಲ ಹೀಗೆ.

ಆದರೂ ವಿಸಿಡಿಯಲ್ಲಿ ಕಳೆದುಹೋದದ್ದರ ಲೆಕ್ಕ ಅಷ್ಟೇನೂ ದೊಡ್ಡದಲ್ಲ. ಒಂದು ಸೆಕೆಂಡಿನ ವಿಡಿಯೊಗೆ 75 ಸೆಕ್ಟರ್. ಒಂದೆರಡು ಹೋದರೆ, ಹಿಂದಿನ ಚಿತ್ರ ನೋಡಿ ಮುಂದಿನದನ್ನು ಕಟ್ಟುವ ಎಂಪೆಗ್ ಪದ್ಧತಿಯಿಂದಾಗಿ, ಮುಂದಿನ ಪೂರ್ಣ ಚಿತ್ರ ಬರುವವರೆಗೆ ಪರದೆ ಚೌಕ ಚೌಕವಾಗಿ ಒಡೆಯುತ್ತದೆ. ಸಾಮಾನ್ಯವಾಗಿ ಅರ್ಧ ಸೆಕೆಂಡಿನ ಮಾತು. ಆ ಅರ್ಧ ಸೆಕೆಂಡು ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೇ ಬಂದರೆ ಯಾರೂ ಏನೂ ಮಾಡಲಾಗದು. ನೆಂಟರ ಮನೆಯಲ್ಲಿ ಅದೇ ಸಿಡಿಯ ಇನ್ನೊಂದು ಪ್ರತಿ ಇದೆಯಾ ಅಂತ ಒಂದು ಫೋನ್ ಮಾಡಿ ನೋಡಬಹುದು.