ಊದಿದ ಗಂಟಿಗೆ ಎಣ್ಣೆ: ಎಷ್ಟು ನಂಬಬಹುದು?

ಹರಳೆಣ್ಣೆಯ ಬಿಸಿ ಪಟ್ಟಿ ಕಟ್ಟಿದ ಮೇಲೆ ಕುತ್ತಿಗೆಯ ಗಂಟು ಕರಗಿತು ಎನ್ನುವವರು ಕ್ಲಿನಿಕ್ಕಿಗೆ ಆಗಾಗ ಬರುತ್ತಾರೆ. ಕರಗಿದ್ದು ನಿಜ. ಕರಗಿಸಿದ್ದು ಎಣ್ಣೆಯೇ ಎನ್ನಲು ಮಾತ್ರ ಆಧಾರ ಸಾಲದು.

ಇಂಥ ಗಂಟು ಹೆಚ್ಚಾಗಿ ಊದಿದ ದುಗ್ಧಗ್ರಂಥಿ (ಲಿಂಫ್ ನೋಡ್). ನಮ್ಮ ದೇಹದಲ್ಲಿ ಇವು ಸುಮಾರು 600 ಇವೆ. ಗಂಟಲಲ್ಲೋ ಹಲ್ಲಲ್ಲೋ ಸೋಂಕಾದರೆ ಹತ್ತಿರದ ಗ್ರಂಥಿಯಲ್ಲಿ ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಹೆಚ್ಚುತ್ತವೆ, ಅದು ಊದುತ್ತದೆ. ಗ್ರಂಥಿ ತನ್ನ ಕೆಲಸ ಮಾಡುತ್ತಿದೆ, ಅಷ್ಟೇ. ಮಾಮೂಲಿ ವೈರಸ್ ಸೋಂಕಿನ ಊತ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ಏನು ಹಚ್ಚಿದ್ದರೂ ಹೆಸರು ಅದಕ್ಕೇ, ಅಲ್ವಾ?

ಹಾಗಂತ ಹರಳೆಣ್ಣೆಯಲ್ಲಿ ಏನೂ ಇಲ್ಲವೆಂದಲ್ಲ. ಅದರ ಕೊಬ್ಬಿನಾಮ್ಲಗಳಲ್ಲಿ ಶೇ 85ಕ್ಕಿಂತ ಜಾಸ್ತಿ ರಿಸಿನೋಲಿಕ್ ಆಮ್ಲವೇ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಈ ಆಮ್ಲ ಉರಿಯೂತ ತಗ್ಗಿಸಿದೆ. ಆದರೆ ಎಣ್ಣೆಯಲ್ಲಿ ಅದು ಬಿಡಿಯಾಗಿ ಇರುವುದಿಲ್ಲ. ಅಂಥ ಮೂರು ಆಮ್ಲಗಳು ಸೇರಿ ಸುಮಾರು 930 ಡಾಲ್ಟನ್ (ಅಣುವಿನ ತೂಕದ ಅಳತೆ) ತೂಕದ ಒಂದೇ ಅಣುವಾಗಿರುತ್ತದೆ. 500 ಡಾಲ್ಟನ್ ಮೀರಿದ ಅಣು ಗಾಯವಿಲ್ಲದ ಚರ್ಮದೊಳಗೆ ಇಳಿಯುವುದು ಕಷ್ಟ. ಗ್ರಂಥಿ ಇರುವುದು ಇನ್ನೂ ಕೆಳಗೆ, ಕೊಬ್ಬಿನಡಿ, ಕೆಲವೆಡೆ ಸ್ನಾಯುವಿನಡಿ. ಪಟ್ಟಿ ಕಟ್ಟಿದಾಗ ಆಗುವ ಹಿತ ಬಹುಪಾಲು ಶಾಖದ್ದು ಎಂದೇ ನನ್ನ ಲೆಕ್ಕ.

ಟೀ ಟ್ರೀ ಎಣ್ಣೆಯ ಕಥೆ ಬೇರೆ. ಅದರ ಮುಖ್ಯ ಅಂಶವಾದ ಟರ್ಪಿನೆನ್-4-ಓಲ್ ಚಿಕ್ಕ ಅಣು, ಚರ್ಮಕ್ಕೆ ಇಳಿಯುತ್ತದೆ. ಹಿಸ್ಟಮಿನ್ (ಅಲರ್ಜಿಯಲ್ಲಿ ಊತ ತರುವ ರಾಸಾಯನಿಕ) ಚುಚ್ಚಿ ಎಬ್ಬಿಸಿದ ದದ್ದು ಈ ಎಣ್ಣೆಯಿಂದ ತಗ್ಗಿದ್ದು ಮನುಷ್ಯರಲ್ಲೇ ಕಂಡಿದೆ. ಆದರೆ ಅದು ಚರ್ಮದ ಊತ, ಗ್ರಂಥಿಯದ್ದಲ್ಲ. ಪುದೀನ ಎಣ್ಣೆಯ ಮೆಂಥಾಲ್ ತಂಪನ್ನು ಅರಿಯುವ ನರಗಳನ್ನು ಕೆಣಕುತ್ತದೆ. ನೋವು ಸ್ವಲ್ಪ ಮರೆಯುತ್ತದೆ, ಗಾತ್ರ ಹಾಗೇ ಇರುತ್ತದೆ.

ಹಚ್ಚಲೇಬೇಕೆಂದರೆ ಹಚ್ಚಿ, ಗಂಟನ್ನು ಅಮುಕಿ ತಿಕ್ಕಬೇಡಿ. ಸುಮ್ನೆ ನೋವು ಜಾಸ್ತಿಯಾಗುತ್ತದೆ. ಸುಗಂಧ ತೈಲವನ್ನು ತೆಳು ಮಾಡದೆ ಹಚ್ಚಿದರೆ ಚರ್ಮ ಉರಿಯಬಹುದು. ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆ ಮಕ್ಕಳ ಕೈಗೆ ಸಿಗಬಾರದು. ಸ್ವಲ್ಪ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು.

ನನಗೆ ಹೆಚ್ಚು ಚಿಂತೆ ನೋವೇ ಇಲ್ಲದ ಗಂಟಿನದು. ಕ್ಷಯ ಕುತ್ತಿಗೆಯಲ್ಲಿ ಹೀಗೇ ಶುರುವಾಗುತ್ತದೆ. ಆರು ತಿಂಗಳ ಮಾತ್ರೆಗೆ ಸಾಮಾನ್ಯವಾಗಿ ವಾಸಿಯಾಗುವ ಕಾಯಿಲೆಗೆ ಜನ ತಿಂಗಳುಗಟ್ಟಲೆ ಎಣ್ಣೆ ಹಚ್ಚುತ್ತಾರೆ. ಗಂಟು ನಾಲ್ಕು ವಾರ ದಾಟಿದರೆ, ಕಲ್ಲಿನಂತೆ ಗಟ್ಟಿಯಿದ್ದು ಅಲುಗಾಡದಿದ್ದರೆ, ಇಲ್ಲವೇ ಗಂಟಿನ ಜೊತೆ ರಾತ್ರಿ ಬೆವರುತ್ತಿದ್ದರೆ ಅಥವಾ ತೂಕ ಇಳಿಯುತ್ತಿದ್ದರೆ, ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತೋರಿಸಿ. ಕಾಲರ್ ಮೂಳೆಯ ಮೇಲೆ ಗಂಟು ಸಿಕ್ಕರೆ ನಾಲ್ಕು ವಾರವೂ ಕಾಯಬೇಡಿ. ಸಣ್ಣ ಸೂಜಿಯಲ್ಲಿ ಒಂದಿಷ್ಟು ಜೀವಕೋಶ ತೆಗೆದು ನೋಡುವ ಪರೀಕ್ಷೆ ಕೆಲವೇ ನಿಮಿಷದ್ದು. ಅದಕ್ಕೆ ಹೋಗುವ ದಿನ ಮಾತ್ರ ಎಣ್ಣೆ ತೊಳೆದುಕೊಂಡು ಹೋಗಿ.