ಬೆನ್ನುಮೂಳೆಗೂ ಫಂಗಸ್ ತಗಲುತ್ತದೆಯೇ?

ಪ್ರಶ್ನೆ: ತಂದೆಗೆ ಸಕ್ಕರೆ ಕಾಯಿಲೆಯಿದೆ. ಬೆನ್ನುನೋವಿಗೆ ಎಂಆರ್‌ಐ ಮಾಡಿಸಿದಾಗ ಮೂಳೆಯ ಕ್ಷಯವಿರಬಹುದೆಂದು ಮಾತ್ರೆ ಶುರು ಮಾಡಿದರು. ಮೂರು ತಿಂಗಳಾದರೂ ನೋವು ಇಳಿದಿಲ್ಲ, ಕಾಲು ಜೋಮು ಹಿಡಿಯುತ್ತಿದೆ. ಈಗ ಫಂಗಸ್ ಇರಬಹುದು ಎನ್ನುತ್ತಿದ್ದಾರೆ. ಚರ್ಮದ ಫಂಗಸ್ ಮೂಳೆಗೂ ಇಳಿಯುತ್ತದೆಯೇ?

ಉತ್ತರ: ಮೊದಲು ಕಾಲಿನ ವಿಷಯ. ನಡೆಯುವಾಗ ಕಾಲು ಕುಸಿದರೆ, ಮೂತ್ರ ಕಟ್ಟಿದರೆ, ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸೋಂಕು ತಿಂದ ಮೂಳೆ ಕುಸಿದೋ, ಕೀವು ತುಂಬಿಯೋ ನರ ಅದುಮಿದಾಗ ತಡವಾದಷ್ಟೂ ಕಾಲಿನ ಬಲ ಮರಳುವುದು ಕಷ್ಟ. ಆಗ ಶಸ್ತ್ರಚಿಕಿತ್ಸೆಯಿಂದ ಒತ್ತಡ ತೆಗೆಯಬೇಕಾಗಬಹುದು.

ಹುಳುಕಡ್ಡಿಯ ಫಂಗಸ್ ಮೂಳೆಗೆ ಇಳಿಯುವುದಿಲ್ಲ. ಮೂಳೆಯಲ್ಲಿ ಕಾಣುವುದು ಹೆಚ್ಚಾಗಿ ಆಸ್ಪರ್ಜಿಲಸ್ ಮತ್ತು ಕ್ಯಾಂಡಿಡಾ ಎಂಬ ಫಂಗಸ್‌ಗಳು. ಮೊದಲನೆಯದು ಬೂಷ್ಟು ಹಿಡಿದ ಹುಲ್ಲಿನಲ್ಲಿ, ಧೂಳಿನಲ್ಲಿ ಇರುತ್ತದೆ. ಎರಡನೆಯದು ನಮ್ಮ ಕರುಳಲ್ಲೇ ಇರುತ್ತದೆ. ಹತೋಟಿ ತಪ್ಪಿದ ಸಕ್ಕರೆ, ದೀರ್ಘಕಾಲದ ಸ್ಟೀರಾಯ್ಡ್, ಐಸಿಯು ವಾಸ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿದಾಗ ಅವು ರಕ್ತದ ಮೂಲಕ ಮೂಳೆ ಸೇರಬಹುದು. ಅಪರೂಪಕ್ಕೆ ಸೂಜಿಯಿಂದಲೂ ಬರುತ್ತದೆ. 2012ರಲ್ಲಿ ಅಮೆರಿಕದಲ್ಲಿ ಬೆನ್ನುನೋವಿಗೂ ಕೀಲುನೋವಿಗೂ ಕೊಟ್ಟ ಸ್ಟೀರಾಯ್ಡ್ ಚುಚ್ಚುಮದ್ದಿನಲ್ಲಿ ಫಂಗಸ್ ಸೇರಿ 753 ಜನ ಸೋಂಕಿಗೆ ಒಳಗಾದರು, 64 ಜನ ತೀರಿಕೊಂಡರು.

ಕ್ಷಯವೆಂದು ಶಂಕಿಸಿದ ವೈದ್ಯರನ್ನು ದೂರಬೇಡಿ. ನಮ್ಮಲ್ಲಿ ಬೆನ್ನುಮೂಳೆಗೆ ಕ್ಷಯವೇ ಹೆಚ್ಚು, ಎಂಆರ್‌ಐನಲ್ಲಿ ಎರಡೂ ಒಂದೇ ರೀತಿ ಕಾಣಬಹುದು. ಬೇರ್ಪಡಿಸಿ ಹೇಳುವುದು ಬಯಾಪ್ಸಿ, ಅಂದರೆ ಸೋಂಕಿನ ಜಾಗದಿಂದ ಚೂರು ತೆಗೆದು ಮಾಡುವ ಪರೀಕ್ಷೆ. ಇಲ್ಲೊಂದು ಸಣ್ಣ ವಿಷಯವನ್ನು ನೀವೇ ಕೇಳಿ ಖಚಿತಪಡಿಸಿಕೊಳ್ಳಿ: ತೆಗೆದ ಚೂರನ್ನೆಲ್ಲ ಫಾರ್ಮಲಿನ್ ಬಾಟಲಿಗೆ ಹಾಕಿದರೆ ಸೂಕ್ಷ್ಮಜೀವಿಗಳು ಅದರಲ್ಲೇ ಸಾಯುತ್ತವೆ, ಮತ್ತೆ ಕಲ್ಚರ್‌ನಲ್ಲಿ (ಸೂಕ್ಷ್ಮಜೀವಿಗಳನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಏನೂ ಬೆಳೆಯುವುದಿಲ್ಲ. ಒಂದು ಭಾಗ ಸ್ಟೆರೈಲ್ ಸಲೈನ್‌ನಲ್ಲಿ (ಸೂಕ್ಷ್ಮಜೀವಿರಹಿತ ಉಪ್ಪುನೀರಿನಲ್ಲಿ) ಹೋಗಬೇಕು. ಲ್ಯಾಬಿಗೆ ಕಳಿಸುವ ಚೀಟಿಯಲ್ಲಿ ಕ್ಷಯದ ಜೊತೆಗೆ ಫಂಗಲ್ ಕಲ್ಚರ್ ಎಂದೂ ಬರೆದಿರಬೇಕು. ಫಲಿತಾಂಶಕ್ಕೆ ಕೆಲವು ವಾರ ಹಿಡಿಯಬಹುದು.

ಆಸ್ಪರ್ಜಿಲಸ್ ಎಂದು ಖಚಿತವಾದರೆ ಸಾಮಾನ್ಯವಾಗಿ ವೊರಿಕೊನಜೋಲ್ ಎಂಬ ಫಂಗಸ್ ಔಷಧ ಕೊಡುತ್ತಾರೆ, ತಿಂಗಳುಗಟ್ಟಲೆ. ನಿಮ್ಮ ತಂದೆಯ ವಿಷಯದಲ್ಲಿ ನನಗೆ ಹೆಚ್ಚು ಆತಂಕ ಇರುವುದು ಇಲ್ಲಿಯೇ. ಕ್ಷಯದ ಮಾತ್ರೆಗಳಲ್ಲಿರುವ ರಿಫಾಂಪಿಸಿನ್ ಈ ಔಷಧವನ್ನು ಯಕೃತ್ತಿನಲ್ಲಿ ಬೇಗನೆ ಒಡೆಸಿ, ರಕ್ತದಲ್ಲಿ ಉಳಿಯದಂತೆ ಮಾಡುತ್ತದೆ. ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ. ಹಾಗೆಂದು ಕ್ಷಯದ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಈವರೆಗೆ ನುಂಗಿದ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಚೀಟಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಹೊಸ ಔಷಧ ಬರೆಯುವ ವೈದ್ಯರ ಮೇಜಿನ ಮೇಲೆ ಇಡಿ.