ಜೀನ್ ಟೆಸ್ಟ್ ಮಾಡಿಸಿ ಕೊರಗುವುದಕ್ಕಿಂತ ಗೊತ್ತಿಲ್ಲದೇ ಇರೋದೇ ಒಳ್ಳೇದಲ್ವಾ?

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಟೆಸ್ಟ್‌ನಲ್ಲಿ ಬಿಆರ್‌ಸಿಎ1 ಅನ್ನುವ ಜೀನ್‌ನಲ್ಲಿ ದೋಷ ಸಿಕ್ಕಿದೆ. ಅಣ್ಣತಮ್ಮಂದಿರ ನಡುವೆ ಹೆಣ್ಣು ನಾನೊಬ್ಬಳೇ, ಹಾಗಾಗಿ ನನಗೂ ಟೆಸ್ಟ್ ಮಾಡಿಸಿ ಅನ್ನುತ್ತಿದ್ದಾರೆ. ಇದೆ ಅಂತ ಗೊತ್ತಾದರೆ ಆ ಕೊರಗಿನಲ್ಲೇ ಕಾಯಿಲೆ ಬಂದುಬಿಡುವುದಿಲ್ಲವೇ?

ಉತ್ತರ: ಕೇಳುವವರ ಊರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಸರಿ, ಇನ್ನೊಮ್ಮೆ.

ಅಮ್ಮನ ಜೀನ್ ದೋಷ ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೆ ನೀವು ಹುಟ್ಟುವ ಮುಂಚೆಯೇ ಬಂದಾಗಿದೆ. ಟೆಸ್ಟ್ ಅದನ್ನು ಓದುತ್ತದೆ ಅಷ್ಟೇ. ಕೊರಗಿನಿಂದ ಅದು ಹುಟ್ಟುವುದೂ ಇಲ್ಲ, ಧೈರ್ಯದಿಂದ ಅಳಿಸಿ ಹೋಗುವುದೂ ಇಲ್ಲ.

ಇನ್ನು ಮನಸ್ಸಿನ ಮಾತು. ಬಿಆರ್‌ಸಿಎ1 ಜೀನ್ ಕೈಗೆ ಸಿಕ್ಕಿದ್ದು 1994ರಲ್ಲಿ. ಫಲಿತಾಂಶ ಹೇಳಿದರೆ ಜನ ಕುಸಿದುಬಿಡುತ್ತಾರೆ ಎಂಬ ಭಯ ಆಗ ಸಂಶೋಧಕರಿಗೂ ಇತ್ತು. ಅವರು ಸುಮ್ನೆ ಊಹಿಸುತ್ತಾ ಕೂರಲಿಲ್ಲ, ಅಳೆದು ನೋಡಿದರು. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಿನ್ ಲರ್ಮನ್ ಮತ್ತು ಸಂಗಡಿಗರು ಈ ದೋಷ ಇರುವ ಕುಟುಂಬಗಳ ಬೆನ್ನು ಹತ್ತಿದರು. ಫಲಿತಾಂಶಕ್ಕೆ ಮುಂಚೆ ಒಮ್ಮೆ, ಒಂದು ತಿಂಗಳಾದ ಮೇಲೆ ಮತ್ತೊಮ್ಮೆ ಮನಸ್ಸಿನ ಸ್ಥಿತಿ ಅಳೆದರು. ದೋಷ ಇಲ್ಲ ಅಂತ ಗೊತ್ತಾದವರು ಹಗುರಾದರು. ಅದು ಸಹಜ. ಇದೆ ಅಂತ ಗೊತ್ತಾದವರ ಖಿನ್ನತೆ? ಜಾಸ್ತಿಯಾಗಲಿಲ್ಲ.

ಹಾಗಾದರೆ ಕುಸಿದವರು ಯಾರು? ಇದನ್ನು ನಿಧಾನವಾಗಿ ಓದಿ. ಮೊದಲೇ ಕ್ಯಾನ್ಸರ್ ಚಿಂತೆ ಹೊತ್ತಿದ್ದು, 'ನನಗೆ ಫಲಿತಾಂಶ ಬೇಡ' ಅಂದವರು. 1998ರ ವರದಿಯ ಪ್ರಕಾರ ಅವರಲ್ಲಿ ಖಿನ್ನತೆ ಇದ್ದವರ ಸಂಖ್ಯೆ ನೂರಕ್ಕೆ 26ರಿಂದ 47ಕ್ಕೆ ಏರಿತ್ತು. ಅದೂ ಒಂದೇ ತಿಂಗಳಲ್ಲಿ! ಲಕೋಟೆ ಒಡೆಯದಿದ್ದರೆ ಒಳಗಿನ ಕಾಗದ ಮಾಯವಾಗುವುದಿಲ್ಲ, ಅಲ್ವಾ? ರಾತ್ರಿಯೆಲ್ಲಾ ಅದನ್ನು ನೀವೇ ಬರೆಯುತ್ತಾ ಮಲಗಿರುತ್ತೀರಿ.

ಯಾರೂ ಅಳುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಕೆಲವು ವಾರ ನಿದ್ದೆ ಕೆಡಬಹುದು. 'ಇಲ್ಲ' ಅಂತ ಬಂದವರಿಗೂ 'ತಂಗಿಗೆ ಬಂತು, ನಾನು ತಪ್ಪಿಸಿಕೊಂಡೆ' ಎಂಬ ಅಳುಕು ಕಾಡಬಹುದು. ಟೆಸ್ಟ್‌ಗೆ ಮುಂಚೆಯೂ ಆಮೇಲೂ ಜೀನ್ ಟೆಸ್ಟ್ ಬಗ್ಗೆ ತಿಳಿಹೇಳುವ ಕೌನ್ಸೆಲರ್ ಹತ್ತಿರ ಕೂತು ಮಾತಾಡಿ ಅನ್ನುವುದು ಅದಕ್ಕೇ. ಆ ಭೇಟಿಯನ್ನು ಮಾತ್ರ ತಪ್ಪಿಸಬೇಡಿ.

'ಇದೆ' ಅಂತ ಬಂದರೂ ಅದು ತೀರ್ಪಲ್ಲ. ಬಿಆರ್‌ಸಿಎ1 ದೋಷ ಇರುವ ಹೆಂಗಸರಲ್ಲಿ 80ರ ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುವುದು ನೂರಕ್ಕೆ ಸುಮಾರು 72 ಮಂದಿಗೆ, ಅಂಡಾಶಯದ್ದು 44 ಮಂದಿಗೆ. ದೊಡ್ಡ ಸಂಖ್ಯೆಯೇ. ಆದರೆ ಎಂಆರ್‌ಐ ತಪಾಸಣೆ, ಆಪರೇಷನ್, ಮಾತ್ರೆ ಅಂತ ದಾರಿಗಳಿವೆ. ಯಾವುದು, ಯಾವಾಗ ಅಂತ ಡಾಕ್ಟರ ಜೊತೆ ಮಾತಾಡಿ.

ಇನ್ನು ನೀವು ಕೇಳದ ಒಂದು ಮಾತು. 'ಹೆಣ್ಣು ನಾನೊಬ್ಬಳೇ, ಹಾಗಾಗಿ' ಅಂದಿದ್ದೀರಿ. ಯಾಕೆ ಹಾಗಾಗಿ? ಈ ಜೀನ್ ಗಂಡು ಹೆಣ್ಣು ನೋಡಿ ಬರುವುದಿಲ್ಲ. ನಿಮ್ಮ ಅಣ್ಣತಮ್ಮಂದಿರಿಗೂ ಅದೇ ಅರ್ಧಕ್ಕರ್ಧ. ಅಪರೂಪಕ್ಕೆ ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಬರದಿದ್ದರೂ ದೋಷ ಅವರಿಂದ ಅವರ ಹೆಣ್ಣುಮಕ್ಕಳಿಗೆ ಇಳಿಯಬಹುದು. 'ಹುಡುಗಿಯರ ಮದುವೆ ಆಗಲಿ, ಆಮೇಲೆ ಹೇಳೋಣ' ಅಂತ ಮುಚ್ಚಿಡುವ ಮನೆಗಳೂ ಇವೆ. ಬಾಯಿಬಿಟ್ಟು ಹೇಳುವುದು ಕಷ್ಟ, ನಿಜ. ನೆಂಟರಿಗೆ ಕೊಡಲು ಒಂದು ಪತ್ರ ಬರೆದುಕೊಡಿ ಅಂತ ಕೌನ್ಸೆಲರ್‌ಗೆ ಕೇಳಿ. ಅದರ ಫೋಟೋ ತೆಗೆದು ಅಣ್ಣತಮ್ಮಂದಿರಿಗೆ ವಾಟ್ಸಾಪ್ ಮಾಡಿ, ಆಮೇಲೆ ಫೋನ್ ಮಾಡಿ.